ನಕ್ಷೆಯ ಮೇಲಿನ ಬೊಟ್ಟು

ನಮ್ಮ ಬಚ್ಚಲುಮನೆಯ ಕನ್ನಡಿಯ ಅಂಚಿನಲ್ಲಿ ಒಂದು ಮರೂನ್ ಬಣ್ಣದ ಸ್ಟಿಕ್ಕರ್ ಬೊಟ್ಟು ಅಂಟಿಕೊಂಡೇ ಇದೆ. ಮುಖ ತೊಳೆಯುವ ಮುಂಚೆ ಕಿತ್ತು ಅಲ್ಲಿ ಅಂಟಿಸುವುದು ನನ್ನ ಹಳೇ ಚಾಳಿ. ಕಳೆದ ವರ್ಷ ನಮ್ಮ ಯಜಮಾನರು ತೀರಿಕೊಂಡ ಬೆಳಿಗ್ಗೆಯೂ ಅಂಟಿಸಿದ್ದೆ. ಆಮೇಲೆ ಹಣೆಗೆ ಇಟ್ಟುಕೊಳ್ಳಲೂ ಇಲ್ಲ, ಎಸೆಯಲೂ ಇಲ್ಲ. ಸೊಸೆ ಕನ್ನಡಿ ಒರೆಸುವಾಗ ಅದೊಂದನ್ನು ಬಿಟ್ಟು ಸುತ್ತ ಒರೆಸುತ್ತಾಳೆ. ಮೊನ್ನೆ ಹಲ್ಲುಜ್ಜುತ್ತಾ ಅದನ್ನೇ ನೋಡುತ್ತಿದ್ದಾಗ ಫ್ಯಾಕ್ಟರಿಯ ಅಕ್ಕ ನೆನಪಾದರು...

ಎಂಬತ್ತರ ದಶಕದ ಶುರು. ನಾನು ಜಾಲಹಳ್ಳಿಯ ಒಂದು ಫ್ಯಾಕ್ಟರಿಗೆ ಹೊಸದಾಗಿ ಸೇರಿದ್ದೆ. ನಮ್ಮ ಲೈನಿನ ಹೆಂಗಸರಿಗೆಲ್ಲ ಅವರು ಅಕ್ಕ. ವಯಸ್ಸಿನಲ್ಲಿ ಅಂಥ ದೊಡ್ಡವರೇನಲ್ಲ, ಬಾಯಿ ದೊಡ್ಡದು. ಹಣೆಯಲ್ಲಿ ಕಾಸಗಲ ಬೊಟ್ಟು. ಎದುರಿಗೆ ಸಾಹೇಬರಿರಲಿ, ಕೆಟ್ಟು ನಿಂತ ಮೆಷಿನ್ ಇರಲಿ, ಒಂದೇ ದನಿಯಲ್ಲಿ ಗದರುತ್ತಿದ್ದರು. ನನಗೋ ಅವರನ್ನು ಕಂಡರೆ ಎಲ್ಲಿಲ್ಲದ ಅಭಿಮಾನ.

ಮೊದಲ ಶಿಫ್ಟಿಗೆ ಇನ್ನೂ ಕತ್ತಲಿರುವಾಗಲೇ ಮನೆ ಬಿಡಬೇಕಿತ್ತು. ಫ್ಯಾಕ್ಟರಿ ಬಸ್ಸು ದೊಡ್ಡ ರಸ್ತೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಹಳ್ಳಿಗಳ ಕಡೆಯಿಂದ ಬರುವವರು ನೀಲಗಿರಿ ತೋಪು ದಾಟಿ ನಡೆದೇ ಬರಬೇಕು. ನಾಯಿಗಳ ಕಾಟ ಒಂದಾದರೆ, ಕುಡಿದು ಬಿದ್ದವರ ಕಾಟ ಇನ್ನೊಂದು. ಮನೆಯವರು ಬೇಡವೆಂದರು ಅಂತ ನಮ್ಮ ಕಣ್ಣೆದುರೇ ಕೆಲವರು ಕೆಲಸ ಬಿಟ್ಟರು. ಅಕ್ಕ ಆಫೀಸಿಗೆ ನುಗ್ಗಿ ಕೇಳಿದರೆ, ಸಿಬ್ಬಂದಿ ವಿಭಾಗದ ಸಾಹೇಬರು, "ನೀವೆಲ್ಲಾ ಎಲ್ಲೆಲ್ಲಿ ಇದ್ದೀರೋ ಯಾರಿಗ್ರೀ ಗೊತ್ತು? ಮನೆಮನೆಗೂ ಬಸ್ ಕಳ್ಸಕ್ಕಾಗುತ್ತೇನ್ರೀ?" ಎಂದರಂತೆ.

ಮಾರನೇ ದಿನ ಅಕ್ಕ ಎಲ್ಲಿಂದಲೋ ಬೆಂಗಳೂರಿನ ಒಂದು ದೊಡ್ಡ ನಕ್ಷೆ ತಂದು ಹೆಂಗಸರ ಊಟದ ಕೋಣೆಯ ಗೋಡೆಗೆ ಹೊಡೆದರು. ಜೊತೆಗೆ ಒಂದಷ್ಟು ಸ್ಟಿಕ್ಕರ್ ಬೊಟ್ಟಿನ ಹಾಳೆ. ಆಗಿನ್ನೂ ಅದು ಹೊಸ ಫ್ಯಾಷನ್ನು.

"ಬನ್ರೇ, ಅವರವರ ಮನೆ ಮೇಲೆ ಒಂದೊಂದು ಬೊಟ್ಟು ಇಡ್ರೇ! ಎಲ್ಲಿದ್ದೀವಿ ಅಂತ ಸಾಹೇಬ್ರಿಗೆ ತೋರ್ಸೋಣ."

ನಕ್ಷೆ ನೋಡಿ ಗೊತ್ತಿದ್ದವರು ನಮ್ಮಲ್ಲಿ ಕಡಿಮೆ. ಇದು ರೈಲ್ವೆ ಗೇಟು, ಇದು ಕೆರೆ, ಇಲ್ಲಿಂದ ನಿಮ್ಮ ಓಣಿ ಎಂದು ಅಕ್ಕ ಬೆರಳಿಟ್ಟು ತೋರಿಸುತ್ತಿದ್ದರು. ಹಾಳೆಗಳು ಖಾಲಿಯಾದ ಮೇಲೆ ನಮ್ಮ ಹಣೆಯವನ್ನೇ ಕಿತ್ತು ಅಂಟಿಸಿದೆವು. ಏನು ಗಲಾಟೆ, ಏನು ನಗು! ವಾರ ಕಳೆಯುವಷ್ಟರಲ್ಲಿ ನಕ್ಷೆಗೆ ಸಿಡುಬು ಎದ್ದಂತಾಗಿತ್ತು. ಪೀಣ್ಯ, ದಾಸರಹಳ್ಳಿ, ಅಬ್ಬಿಗೆರೆ ಕಡೆ ಕಿಕ್ಕಿರಿದ ಬೊಟ್ಟು. ಬಸ್ಸು ಓಡಾಡುವ ರಸ್ತೆಯುದ್ದಕ್ಕೂ ಅಲ್ಲೊಂದು ಇಲ್ಲೊಂದು. ಮೆಜೆಸ್ಟಿಕ್ಕೇ ಬೆಂಗಳೂರು ಎಂದುಕೊಂಡಿದ್ದ ನನಗೆ, ಊರು ಇತ್ತ ಕಡೆಯೂ ಇಷ್ಟೊಂದು ಬೆಳೆದಿದೆ ಎಂದು ಗೊತ್ತಾಗಿದ್ದೇ ಆವತ್ತು.

ಅಕ್ಕ ಬೊಟ್ಟುಗಳ ನಡುವೆ ಪೆನ್ಸಿಲ್ಲಿನಿಂದ ಹೊಸ ದಾರಿ ಎಳೆದರು. ಅಬ್ಬಿಗೆರೆಗೆ ಬಂದು ಗೆರೆ ನಿಲ್ಲಿಸಿ, "ಇದ್ರಾಚೆ ಯಾರೂ ಇಲ್ಲ ಬಿಡ್ರೇ" ಎಂದರು.

ಹಿಂದಿನಿಂದ ಒಂದು ಸಣ್ಣ ದನಿ ಬಂತು. "ನಾ ಇದೀನಿ ಅಕ್ಕಾ."

ಪ್ಯಾಕಿಂಗಿನ ಹೆಂಗಸು, ಚಿಕ್ಕಬಾಣಾವರದವಳು. ಎರಡು ಮಕ್ಕಳ ತಾಯಿ.

"ಮತ್ತೆ ಬೊಟ್ಟು ಯಾಕೆ ಇಡ್ಲಿಲ್ವೇ?"

"ನಮ್ಮೆಜಮಾನ್ರು ಹೋದ್ಮೇಲೆ ಅದ್ನ ಮುಟ್ಟಿಲ್ಲ ಅಕ್ಕಾ. ನಾನು ಇಡಂಗಿಲ್ವಲ್ಲಾ... ಬಸ್ಸು ಬರ್ದಿದ್ರೆ ಬರೋ ತಿಂಗ್ಳಿಂದ ಕೆಲ್ಸ ಬಿಟ್ಬಿಡ್ತೀನಿ."

ಒಂದು ವಾರ ನಾವೆಲ್ಲ ಕುಣಿದಾಡಿದ್ದೆವು, ಯಾರೊಬ್ಬರಿಗೂ ಇದು ಹೊಳೆದಿರಲಿಲ್ಲ. ಅಕ್ಕನ ಮುಖ ನೋಡಬೇಕಿತ್ತು, ಪಾಪ. ಆಮೇಲೆ ತಮ್ಮ ಹಣೆಯ ಕಾಸಗಲ ಬೊಟ್ಟನ್ನು ಸರಕ್ಕನೆ ಕಿತ್ತು ಅವಳ ಕೈಗಿಟ್ಟರು.

"ಅಯ್ಯಯ್ಯೋ, ಹಣೆ ಬರಿದು ಮಾಡ್ಕೋತಾರೇನಮ್ಮಾ!" ಎಂದು ಯಾರೋ ಹಿರಿಯರು ಕೂಗಿದರು.

"ನೀವು ಸುಮ್ನಿರಿ. ಹೂಂ, ನಿನ್ನ ಮನೆ ತೋರ್ಸೇ."

ಅವಳು ರೈಲ್ವೆ ಸ್ಟೇಷನ್ನಿನ ಪಕ್ಕ ಅಂಟಿಸಿದಳು. ಅವಳನ್ನು ನೋಡಿ ಮೂಲೆಯಲ್ಲಿದ್ದ ಇನ್ನೂ ಕೆಲವರು ಎದ್ದು ಬಂದರು, ಎಲ್ಲ ಆ ಕಡೆಯವರೇ, ಎಲ್ಲರದೂ ಬರಿ ಹಣೆ. ನಾನೂ ನನ್ನದನ್ನು ಕಿತ್ತು ಕೊಟ್ಟೆ. ಅಕ್ಕ ಗೆರೆಯನ್ನು ಚಿಕ್ಕಬಾಣಾವರದವರೆಗೆ ಎಳೆದು, ನಕ್ಷೆಯನ್ನು ಸುತ್ತಿಕೊಂಡು ನೇರ ಸಾಹೇಬರ ಮೇಜಿನ ಮೇಲೆ ಹಾಸಿದರು. ಬಸ್ಸು ಬಂತು. ಪ್ಯಾಕಿಂಗಿನವಳು ಕೆಲಸ ಬಿಡಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಅಕ್ಕನ ಯಜಮಾನರೂ ಹೋದರು. ಕಾರ್ಯವೆಲ್ಲ ಮುಗಿಸಿ ಕೆಲಸಕ್ಕೆ ಬಂದಾಗ ಹಣೆಯಲ್ಲಿ ಅದೇ ಬೊಟ್ಟು. ಕ್ಯಾಂಟೀನಿನಲ್ಲಿ ಗುಸುಗುಸು. ನಾನು ಹತ್ತಿರ ಕೂತಾಗ ಅವರೇ ಹೇಳಿದರು: "ಖಾಲಿ ಬಿಟ್ರೆ ಇಲ್ಲಿ ಯಾರೂ ಇಲ್ಲ ಅಂದ್ಕೋತಾರೆ ಕಣೇ."

ಈಗ ಆ ತೋಪಿಲ್ಲ, ಫ್ಯಾಕ್ಟರಿಯ ಜಾಗದಲ್ಲಿ ಅಪಾರ್ಟ್‌ಮೆಂಟು ಎದ್ದಿದೆ. ಆ ನಕ್ಷೆ ಏನಾಯಿತೋ... ಅಕ್ಕ ಹೋಗಿಯೂ ವರ್ಷಗಳಾದವು. ಕೊನೆಗೊಮ್ಮೆ ಮುಖ ನೋಡಲೂ ನನಗಾಗಲಿಲ್ಲ, ಆ ಸಂಕಟ ಹಾಗೇ ಇದೆ.

ಮೊನ್ನೆ ಕನ್ನಡಿಯಿಂದ ಆ ಬೊಟ್ಟನ್ನು ಕಿತ್ತು ಹಣೆಗೆ ಒತ್ತಿದೆ. ಅಂಟು ಒಣಗಿತ್ತು, ಉದುರಿ ಸಿಂಕಿಗೆ ಬಿತ್ತು. ಸೊಸೆಯನ್ನು ಕರೆದು, "ಹೊಸದಿದ್ರೆ ಒಂದು ಕೊಡಮ್ಮಾ" ಎಂದೆ. ಅವಳು ಏನೂ ಕೇಳದೆ ತನ್ನ ಹಣೆಯದನ್ನೇ ಕಿತ್ತು ನನ್ನ ಹಣೆಗಿಟ್ಟಳು.

ಅಕ್ಕ ಇರಬೇಕಿತ್ತು.