ಜವನಗೊಂಡನಹಳ್ಳಿಯ ಹುಣಸೆಮರದಲ್ಲಿ ಸ್ಪೈಡರ್ ಮಂಕಿ

ಎಪ್ಪತ್ತರ ದಶಕದ ನಡುಭಾಗದಲ್ಲಿ ನಾನು ಹಿರಿಯೂರು ತಾಲ್ಲೂಕಿನಲ್ಲಿ ಪಶುವೈದ್ಯನಾಗಿದ್ದೆ. ಕುರಿ, ಎತ್ತು, ಎಮ್ಮೆ ಬಿಟ್ಟು ಬೇರೆ ರೋಗಿಯನ್ನು ಕಂಡವನಲ್ಲ. ಒಂದು ಬೇಸಿಗೆಯ ಬೆಳಿಗ್ಗೆ ಜವನಗೊಂಡನಹಳ್ಳಿಯಿಂದ ಒಬ್ಬ ಸೈಕಲ್ಲಿನಲ್ಲಿ ಬಂದ. ರಸ್ತೆಬದಿ ನಿಂತಿದ್ದ ಸರ್ಕಸ್ ಲಾರಿಯಲ್ಲಿ ಒಂದು ಕೋತಿಗೆ ಉಸಿರಾಡಲೂ ಆಗುತ್ತಿಲ್ಲವಂತೆ.

ನೋಡಿದರೆ ನ್ಯುಮೋನಿಯಾ. ಅದು ನಮ್ಮ ಕಡೆಯ ಕೋತಿಯೂ ಅಲ್ಲ, ದಕ್ಷಿಣ ಅಮೆರಿಕದ ಸ್ಪೈಡರ್ ಮಂಕಿ. ಕಪ್ಪು ಮೈ, ಕೆಂಪು ಮುಖ, ಜೇಡದಂತೆ ಉದ್ದುದ್ದ ಕೈಕಾಲು. ಕೈಗೆ ಹೆಬ್ಬೆರಳೇ ಇಲ್ಲ. ಬಾಲದ ತುದಿಯ ಒಳಬದಿಯಲ್ಲಿ ಅಂಗೈಯಂಥ ಬೋಳು ಚರ್ಮ. ಆ ಬಾಲವೇ ಅದಕ್ಕೆ ಇನ್ನೊಂದು ಕೈ. ನಾನು ಸಿರಿಂಜಿಗೆ ಔಷಧಿ ತುಂಬುತ್ತಿದ್ದಾಗ, ಅದನ್ನು ಸಾಕಿದ್ದ ಬಷೀರ್ ಸಾಬರು ಬೋನು ತೆರೆದು ಎತ್ತಿಕೊಂಡರು. ಪಕ್ಕದಲ್ಲಿ ಮೇಯುತ್ತಿದ್ದ ಕುರಿಮಂದೆಯ ನಾಯಿಗಳು ಬೊಗಳಿದ್ದೇ ತಡ, ಕೋತಿ ಕೊಸರಿಕೊಂಡು ಎದುರಿನ ಹುಣಸೆಮರ ಹತ್ತಿಬಿಟ್ಟಿತು. ಔಷಧಿ ನನ್ನ ಕೈಯಲ್ಲಿ, ರೋಗಿ ಮರದ ತುದಿಯಲ್ಲಿ. ನಿತ್ರಾಣದಿಂದ ಹಿಡಿತ ತಪ್ಪಿದರೆ ಅಲ್ಲಿಗೆ ಮುಗಿಯಿತು. ನನಗೆ ದಿಕ್ಕೇ ತೋಚಲಿಲ್ಲ.

ಕುರಿ ಕಾಯುವ ಕರಿಯಣ್ಣ ಧೈರ್ಯ ಹೇಳಿದ. "ಸುಮ್ನಿರ್ರಿ ಡಾಕ್ಟ್ರೇ. ಸಣ್ಣ ಬಾಯಿ ಗಡಿಗೇಲಿ ಕಡ್ಲೆಕಾಯಿ ಹಾಕಿದ್ರೆ ಆತು. ಕೋತಿ ಹಿಡಿದ ಮುಷ್ಟಿ ಬಿಡಲ್ಲ, ಕೈ ಅಲ್ಲೇ ಸಿಕ್ಕಂತೈತೆ."

ಹೊಲಕ್ಕೆ ನುಗ್ಗುವ ಕೋತಿಗಳನ್ನು ಊರವರು ಹಿಡಿಯುತ್ತಿದ್ದದ್ದು ಹಾಗೆಯೇ. ಗಡಿಗೆಯನ್ನು ಕೆಳಗಿನ ಕೊಂಬೆಗೆ ಕಟ್ಟಿದರು. ಇದು ಬಾಲದಲ್ಲಿ ಜೋತುಬಿದ್ದು ಕೈ ಹಾಕಿತು. ಹೆಬ್ಬೆರಳಿಲ್ಲದ ಕೈಗೆ ದಪ್ಪ ಮುಷ್ಟಿ ಎಲ್ಲಿಂದ ಬರಬೇಕು? ಕೊಕ್ಕೆಯಂಥ ಬೆರಳುಗಳಲ್ಲಿ ಕಾಯಿ ಸಿಕ್ಕಿಸಿಕೊಂಡು ಕೈಯನ್ನು ಸಲೀಸಾಗಿ ಎಳೆದುಕೊಂಡಿತು. ಜನ ಹೋ ಎಂದು ನುಗ್ಗಿದರು. ಅದು ನಾಯಿಯಂತೆ ಬೊಗಳುತ್ತ ಮತ್ತೆ ತುದಿಗೇರಿ ಕೆಮ್ಮತೊಡಗಿತು.

ಬಿಸಿಲೇರಿತು. ಜನ ಸುಮ್ಮನಾದ ಮೇಲೆ ಮರದಿಂದ ಬೇರೊಂದು ದನಿ ಕೇಳಿಸಿತು. ಕುದುರೆಮರಿ ಕೆನೆದಂತೆ, ಸಣ್ಣಗೆ, ನಡುಗುತ್ತ. ಬಷೀರ್ ಸಾಬರು ಕಣ್ಣೊರೆಸಿಕೊಂಡರು. ಕೂಗಿ ಕೂಗಿ ಅವರ ಗಂಟಲು ಕಟ್ಟಿತ್ತು.

"ಎಲ್ಲಿದ್ದೀಯಾ ಅಂತ ಕೇಳ್ತೈತೆ ಸಾರ್," ಎಂದು ಪಿಸುಗುಟ್ಟಿದರು. "ಹಂಗೇ ಕೂಗಿ ಜವಾಬು ಕೊಡ್ಬೇಕು, ಇಲ್ಲಾಂದ್ರೆ ಇಳಿಯಲ್ಲ. ನನ್ ದನೀನೇ ಹೋಗೈತೆ."

ಅಷ್ಟರಲ್ಲಿ ಅದರ ಕಾಲು ಜಾರಿತು. ಬಾಲವೊಂದೇ ಹಿಡಿದುಕೊಂಡಿತ್ತು. ಇಸ್ತ್ರಿ ಅಂಗಿಯ ಗೆಜೆಟೆಡ್ ಅಧಿಕಾರಿ ನಾನು, ಊರೆಲ್ಲ ನೋಡುತ್ತಿದ್ದಂತೆ ಕತ್ತೆತ್ತಿ ಕೆನೆದೆ.

ಜನ ಬಿದ್ದು ಬಿದ್ದು ನಕ್ಕರು. "ನಗಬ್ಯಾಡ್ರಲೇ!" ಎಂದು ಕರಿಯಣ್ಣ ಗದರಿದ. ಮತ್ತೆ ಕೆನೆದೆ. ಮೇಲಿನಿಂದ ಉತ್ತರ ಬಂತು. ನಾನೊಂದು ಸಲ, ಅದೊಂದು ಸಲ. ಹಾಗೇ ಕೊಂಬೆಯಿಂದ ಕೊಂಬೆಗೆ ಇಳಿದು ಬಂದು ಸಾಬರ ಕೊರಳಿಗೆ ಬಾಲ ಸುತ್ತಿತು. ಸೂಜಿ ಚುಚ್ಚಿದರೂ ಸಡಿಲಿಸಲಿಲ್ಲ. ನಾಲ್ಕಾರು ದಿನ ಔಷಧಿ ನಡೆಯಿತು, ಬದುಕಿಕೊಂಡಿತು.

ಮುಂದೆ ಹೊಸದುರ್ಗ, ಹೊಳಲ್ಕೆರೆ ಎಂದು ಎಲ್ಲಿಗೆ ವರ್ಗವಾದರೂ 'ಕೆನೆಯೋ ಡಾಕ್ಟ್ರು' ಎಂಬ ಹೆಸರು ನನಗಿಂತ ಮೊದಲೇ ಹೋಗಿ ಕಾಯುತ್ತಿತ್ತು. ಮೊದಮೊದಲು ಸಿಟ್ಟು ಬರುತ್ತಿತ್ತು. ಆದರೆ ರೋಗಿ ಕರೆದಾಗ ಓಗೊಡುವುದು ಮೊದಲು, ಮರ್ಯಾದೆ ಆಮೇಲೆ ಎಂದು ನೌಕರಿ ನನಗೆ ಕಲಿಸಿದ್ದು ಆ ಮರದ ಕೆಳಗೇ.