ಒಬ್ಬಾಕಿ ಕಡಿಮಿ

ಆಗೆಲ್ಲ ಸೂರತ್ತಿಗೆ ಚಳಿಗಾಲ ಬಂದಿತೆಂಬುದು ನಮಗೆ ಮೊದಲು ಮೂಗಿನಿಂದ ತಿಳಿಯುತ್ತಿತ್ತು. ತಾಪಿ ನದಿಯ ಆಚೆಗಿನ ಅಡಾಜಣ್ ಅಂದು ಬರಿಯ ಹೊಲಗಳ ಊರು. ಅಲ್ಲಿ ಎಳೆಯ ಜೋಳದ ತೆನೆಗಳನ್ನು ಕೆಂಡದ ಬೂದಿಯಲ್ಲಿ ಸುಟ್ಟು, ಬಡಿದು, ಹಸಿರು ಕಾಳನ್ನು ಪೋಂಕ್ ಎಂದು ಮಾರುತ್ತಿದ್ದರು. ಧಾರವಾಡದಿಂದ ಬಂದ ನನ್ನ ಅವ್ವ ಅದನ್ನು ಮೊದಲ ಸಲ ಬಾಯಿಗೆ ಹಾಕಿಕೊಂಡವಳೇ, "ಅಯ್ಯ, ಇದು ನಮ್ಮ ಸೀತನಿ ಅಲ್ಲೇನು! ಹೆಸರು ಬದಲಿ ಮಾಡಿ ಮಾರ್ಲಿಕ್ಕತ್ತಾರ ನೋಡು," ಎಂದು ಊರಿನವರನ್ನೇ ಕಂಡಷ್ಟು ಹಿಗ್ಗಿದ್ದಳು.

ಅರವತ್ತರ ದಶಕದ ನಡುವಿನ ಮಾತಿದು. ಅಪ್ಪನಿಗೆ ರೈಲ್ವೆಯಲ್ಲಿ ಕೆಲಸ. ಊರಾಚೆಯ ಉಧ್ನಾದಲ್ಲಿ ಕ್ವಾರ್ಟರ್ಸ್ ಸಿಗುವವರೆಗೆ ನಾವು ಹಳೆಯ ಊರಿನ ಒಂದು ಶೇರಿಯಲ್ಲಿ ಬಾಡಿಗೆಗಿದ್ದೆವು. ಶೇರಿಯೆಂದರೆ ಎದುರುಬದುರು ಮರದ ಮನೆಗಳಿರುವ, ಒಂದೇ ಬಾಗಿಲಿನ ಕಿರುಬೀದಿ. ಮನೆಗಳ ಬೆನ್ನಿಗೆ ಇನ್ನೊಂದು ಓಣಿ ಇತ್ತು. ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒತ್ತಿ ನಿಲ್ಲಬೇಕಾದಷ್ಟು ಇಕ್ಕಟ್ಟು. ಆ ಓಣಿಯಿಂದ ಪ್ರತಿ ಬೆಳಿಗ್ಗೆ ಜಮನಾ ಬರುತ್ತಿದ್ದಳು. ಎಲ್ಲ ಮನೆಗಳ ಕಕ್ಕಸಿನ ಬುಟ್ಟಿಗಳನ್ನು ಬಳಿದು ಹೊತ್ತೊಯ್ಯುವವಳು ಅವಳೇ.

ಮುಂದೆ ನಾನು ಧಾರವಾಡದ ಶಾಲೆಯೊಂದರಲ್ಲಿ ಕನ್ನಡ ಕಲಿಸಿದೆ. 'ಮನುಷ್ಯ' ಎಂಬ ಪದಕ್ಕೆ ಸಮಾನಾರ್ಥಕಗಳನ್ನು ಬರೆಯಿರಿ ಎಂದರೆ ಮಕ್ಕಳು ಮಾನವ, ಮನುಜ, ನರ ಎಂದು ಸರಸರನೆ ಬರೆಯುತ್ತಿದ್ದರು. ನಾನು ಪೂರ್ಣ ಅಂಕ ಕೊಡುತ್ತಿದ್ದೆ. ಪದದ ಅರ್ಥ ನಿಘಂಟಿನಲ್ಲಿದೆ, ನಿಜ. ಅದು ಯಾರಿಗೆ ಸಲ್ಲುತ್ತದೆ, ಯಾರ ಬಾಗಿಲಿನಲ್ಲಿ ನಿಂತುಬಿಡುತ್ತದೆ ಎಂಬುದನ್ನು ಮಾತ್ರ ನಾನು ಕಲಿತದ್ದು ಆ ಶೇರಿಯಲ್ಲಿ.

ನಮ್ಮ ಮನೆಯ ಒಡತಿ ಕಾಂತಾಬೇನ್. ಹಿಂಬಾಗಿಲು ಸದ್ದಾದಾಗ ಅವಳ ಅತ್ತೆ ಒಳಗಿನಿಂದ, "ಯಾರು ಬಂದರು?" ಎಂದು ಕೇಳುತ್ತಿದ್ದಳು. ಕಾಂತಾಬೇನಳದು ದಿನವೂ ಒಂದೇ ಉತ್ತರ: "ಕೋಈ ನಥೀ, ಜಮನಾ ಛೇ." ಯಾರೂ ಇಲ್ಲ, ಜಮನಾ. ಅವಳು ಕೆಟ್ಟವಳಾಗಿರಲಿಲ್ಲ, ನನಗೆ ಜ್ವರ ಬಂದಾಗ ಖಿಚಡಿ ಮಾಡಿ ತಂದವಳು. ಅಷ್ಟು ಒಳ್ಳೆಯವಳ ಬಾಯಿಂದ ಅಷ್ಟು ಹಗುರಾಗಿ ಬರುತ್ತಿತ್ತು ಆ ಮಾತು. ನನ್ನ ಅವ್ವನೂ ಜಮನಾಳಿಗೆ ರೊಟ್ಟಿಯನ್ನು ಮೇಲಿನಿಂದಲೇ ಬಿಡುತ್ತಿದ್ದಳು, ಅವಳು ಹೋದಮೇಲೆ ಹೊಸ್ತಿಲಿಗೆ ನೀರು ಹಾಕುತ್ತಿದ್ದಳು. ಅದನ್ನು ಮುಚ್ಚಿಟ್ಟು ಅವ್ವನನ್ನು ಹೊಗಳಲಾರೆ.

ಶೇರಿಯಲ್ಲಿ ಒಂದು ಪದ್ಧತಿಯಿತ್ತು. ತಾಪಿ ಉಕ್ಕಿ ಹರಿಯುತ್ತಿದ್ದ ಊರು ಅದು. ನೆರೆ ಬರಲಿ, ಬೆಂಕಿ ಬೀಳಲಿ, ಶೇರಿಯ ಹಿರಿಯ ಮೋತಿಕಾಕಾ ಚೌಕದಲ್ಲಿ ನಿಂತು ಒಂದೊಂದೇ ಮನೆಯ ಹೆಸರು ಹಿಡಿದು ಕೂಗುತ್ತಿದ್ದ: "ಮಾಣಸ್ ಪೂರಾಂ?" ಮನುಷ್ಯರೆಲ್ಲ ಇದ್ದೀರಾ? ಮನೆಯವರು ತಮ್ಮವರನ್ನು ನೋಡಿಕೊಂಡು "ಪೂರಾಂ!" ಎನ್ನಬೇಕು. ಕೊನೆಯ ಮನೆಯೂ ಪೂರಾಂ ಎನ್ನುವವರೆಗೆ ಯಾರೂ ತಮ್ಮ ಕೆಲಸಕ್ಕೆ ಮರಳುವಂತಿಲ್ಲ. ಯಾವ ಮನೆಯಲ್ಲಾದರೂ ಒಬ್ಬರು ಕಡಿಮೆಯೆಂದರೆ ಇಡೀ ಶೇರಿ ಹುಡುಕಲು ಇಳಿಯಬೇಕು. ಎಂಥ ಚೆಂದದ ಪದ್ಧತಿ! ಎಂಥ ಸಣ್ಣ ಮನಸ್ಸಿನವರ ಕೈಯಲ್ಲಿತ್ತು!

ಆ ವರ್ಷದ ಉತ್ತರಾಯಣ, ಪಟ ಹಾರಿಸುವ ಸಂಕ್ರಾಂತಿ. ಬೆಳಗಿನಿಂದ ಎಲ್ಲರೂ ಮಾಳಿಗೆಯ ಮೇಲೆ. ಗಾಜಿನ ಪುಡಿ ಸವರಿದ ದಾರ ಬೆರಳು ಕೊಯ್ಯುತ್ತಿತ್ತು. ಉಂಧಿಯೂ ಎಂಬ ಪಲ್ಯದ ಹಸಿ ಬೆಳ್ಳುಳ್ಳಿ ವಾಸನೆಯೂ ಎಳ್ಳುಬೆಲ್ಲದ ವಾಸನೆಯೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ಯಾರದೋ ಪಟ ಹರಿದರೆ ಎಲ್ಲ ಮಾಳಿಗೆಗಳಿಂದ "ಕಾಪ್ಯೋ ಛೇ!" ಎಂಬ ಕೇಕೆ. ನಾನು ಹಿಂದಿನ ಅಂಚಿಗೆ ಬಗ್ಗಿದಾಗ ಕೆಳಗಿನ ಓಣಿಯಲ್ಲಿ ಜಮನಾ ಕಂಡಳು. ಹರಿದುಬಿದ್ದ ಪಟಗಳನ್ನು ಮಗಳಿಗೆಂದು ಆರಿಸುತ್ತಿದ್ದಳು.

"ಜಮನಾ, ಅದು ನನ್ನ ಪಟ!" ಎಂದು ಕೂಗಿದೆ.

ಅವಳು ತಲೆಯೆತ್ತಿ ನಕ್ಕಳು. "ಮೇಲಿರುವ ತನಕ ನಿನ್ನದು, ಪುಟ್ಟೀ. ಇಲ್ಲಿಗೆ ಬಿದ್ದ ಮೇಲೆ ನನ್ನದು. ಬೇಕಿದ್ದರೆ ಇಳಿದು ಬಾ!"

ಇಳಿದು ಹೋಗುವಂತಿರಲಿಲ್ಲ, ಅದು ಅವಳಿಗೂ ಗೊತ್ತಿತ್ತು.

ಅವ್ವ ಊಟಕ್ಕೆ ಕರೆದಳೆಂದು ಕೆಳಗೆ ಬಂದು ತಟ್ಟೆಯ ಮುಂದೆ ಕುಳಿತಿದ್ದೆ. ಹಿಂದುಗಡೆ ದಡದಡನೆ ಸದ್ದಾಯಿತು. ಮಳೆಗಾಲದಲ್ಲಿ ನೆನೆದು ಉಬ್ಬಿದ್ದ ನಮ್ಮ ಮಾಳಿಗೆಯ ಹಿಂಗೋಡೆ, ಒರಗಿ ನಿಂತವರ ಭಾರಕ್ಕೆ ಓಣಿಯೊಳಗೆ ಕುಸಿದಿತ್ತು. ಒರಗಿದ್ದವರು ಹೇಗೋ ಹಿಂದಕ್ಕೆ ಜಿಗಿದು ಉಳಿದಿದ್ದರು. ಎಲ್ಲರೂ ಚೀರುತ್ತ ಚೌಕಕ್ಕೆ ಇಳಿದರು. ಮೋತಿಕಾಕಾ ಕೂಗತೊಡಗಿದ. ಒಂದೊಂದು ಮನೆಯಿಂದಲೂ ಉತ್ತರ ಬಂತು: ಪೂರಾಂ, ಪೂರಾಂ, ಪೂರಾಂ. ಹಿಂದಿನ ಓಣಿಯಿಂದ ನರಳಾಟ ಕೇಳುತ್ತಲೇ ಇತ್ತು. ಎಲ್ಲರಿಗೂ ಕೇಳುತ್ತಿತ್ತು.

"ಹಿಂದ ಯಾರೋ ಸಿಕ್ಕೊಂಡಾರ," ಎಂದಳು ಅವ್ವ.

ಕಾಂತಾಬೇನ್ ಸಮಾಧಾನ ಹೇಳುವವಳಂತೆ ಅವಳ ತೋಳು ಮುಟ್ಟಿದಳು. "ಗಾಬರಿಯಾಗಬೇಡ. ಯಾರೂ ಇಲ್ಲ. ಜಮನಾ ಅಷ್ಟೇ. ಅವಳ ಕಡೆಯವರಿಗೆ ಹೇಳಿ ಕಳಿಸಿದರಾಯಿತು, ಅವರು ಬಂದು ಎತ್ತುತ್ತಾರೆ."

ಅವಳ ಕಡೆಯವರಿದ್ದದ್ದು ಊರಿನ ಇನ್ನೊಂದು ತುದಿಯಲ್ಲಿ.

ಅಷ್ಟರಲ್ಲಿ ಮೋತಿಕಾಕಾ ನಮ್ಮತ್ತ ತಿರುಗಿದ. ಆ ಊರಿಗೆ ದಕ್ಷಿಣದವರೆಲ್ಲ ಮದ್ರಾಸಿಗಳು. "ಮದ್ರಾಸಿ ಮನೆ, ಮಾಣಸ್ ಪೂರಾಂ?"

ಅಪ್ಪ ನನ್ನ ಭುಜ ಹಿಡಿದುಕೊಂಡು 'ಪೂರಾಂ' ಎನ್ನಲು ಬಾಯಿ ತೆರೆದ. ಅವ್ವ ಅವನಿಗಿಂತ ಮೊದಲು, ತನ್ನ ಮುರುಕು ಗುಜರಾತಿಯಲ್ಲಿ ಕೂಗಿದಳು: "ನಾ! ಏಕ್ ಮಾಣಸ್ ಓಛುಂ!" ನಮ್ಮ ಕಡೆ ತಿರುಗಿ ಕನ್ನಡದಲ್ಲೂ ಅದನ್ನೇ ಹೇಳಿದಳು: "ಒಬ್ಬಾಕಿ ಕಡಿಮಿ."

ಶೇರಿ ಓಡಿತು. ಇದನ್ನು ಒಪ್ಪಲೇಬೇಕು, ನಮ್ಮ ಮನೆಯವರೇ ಯಾರೋ ಸಿಕ್ಕಿಕೊಂಡಿದ್ದಾರೆಂದು ಗಂಡಸರೆಲ್ಲ ಓಡಿದರು. ಪಟ ಎಸೆದು, ಚಪ್ಪಲಿ ಬಿಟ್ಟು, ಎಂದೂ ಕಾಲಿಡದ ಆ ಓಣಿಗೆ ನುಗ್ಗಿದರು. ಗೋಡೆಯೊಡನೆ ಬಿದ್ದಿದ್ದ ತೊಲೆಗೆ ಹೆಗಲು ಕೊಟ್ಟು ಎತ್ತಿದರು. ಇಟ್ಟಿಗೆಗಳ ನಡುವೆ, ಹರಿದ ಪಟವನ್ನು ಬಿಡದೆ ಹಿಡಿದ ಒಂದು ಕೈ ಕಾಣಿಸಿತು. ಅದು ಯಾರ ಕೈಯೆಂದು ತಿಳಿದ ಕ್ಷಣ ಎಲ್ಲರೂ ತೊಲೆಯನ್ನು ಪಕ್ಕಕ್ಕಿಟ್ಟು ಹಿಂದೆ ಸರಿದರು. ಅವಳ ಸೊಂಟದವರೆಗೆ ಇಟ್ಟಿಗೆ ಹಾಗೆಯೇ ಇತ್ತು.

"ಇವಳೇನು ನಿನ್ನ ಮನೆಯ ಮಾಣಸ್?" ಮೋತಿಕಾಕಾ ಸಿಟ್ಟಿನಿಂದ ಕೇಳಿದ. "ಹಬ್ಬದ ದಿನ ಎಲ್ಲರ ಕೈಯಲ್ಲೂ ಇದನ್ನು ಮುಟ್ಟಿಸಿದೆಯಲ್ಲ!"

"ಯಾಕ ಸುಳ್ಳು ಹೇಳಿದಿ?" ಅಪ್ಪ ತಗ್ಗಿದ ದನಿಯಲ್ಲಿ ಗದರಿದ.

"ಯಾವುದು ಸುಳ್ಳು? ದಿನಾ ನಮ್ಮನಿಗೆ ಬರ್ತಾಳ. ಇವತ್ತು ನಮ್ಮನಿ ಗ್ವಾಡಿ ಆಕಿ ಮೈಮ್ಯಾಲೆ ಬಿದ್ದದ. ಮನಶ್ಯಾ ಅಲ್ಲೇನು ಆಕಿ? ಹುಳಾ ಏನು?" ಅವ್ವ ಕುಳಿತು ಇಟ್ಟಿಗೆ ಕೀಳತೊಡಗಿದಳು. ತಲೆಯೆತ್ತದೆಯೇ ಮತ್ತೆ ಮುರುಕು ಗುಜರಾತಿಗೆ ಹೊರಳಿದಳು. "ಕಾಕಾ, ನಮ್ಮ ಮನೆ ಇನ್ನೂ ಪೂರಾಂ ಅಂದಿಲ್ಲ. ಅಲ್ಲಿಯವರೆಗೆ ಯಾರೂ ಮೇಲೆ ಹತ್ತುವಂತಿಲ್ಲ. ಪದ್ಧತಿ ನಿಮ್ಮದೇ."

ಆಕಾಶದಲ್ಲಿ ಗಾಳಿ ಚೆನ್ನಾಗಿತ್ತು. ಪಕ್ಕದ ಶೇರಿಯ ಪಟಗಳು ಏರುತ್ತಿದ್ದವು. ಹುಡುಗರು ಮೇಲೆ ನೋಡಿದರು, ಮೋತಿಕಾಕಾನನ್ನು ನೋಡಿದರು. ಕೊನೆಗೆ ಅವನು ಮುಖ ಅತ್ತ ತಿರುಗಿಸಿ, "ಎತ್ತಿ," ಎಂದ. ಅಪ್ಪ ಎಲ್ಲರಿಗಿಂತ ಮೊದಲು ಬಗ್ಗಿದ. ಉಳಿದವರು ಪಟ ಹಾರಿಸುವ ಆತುರಕ್ಕೆ ಎತ್ತಿದರು. ಮರುಕಕ್ಕಲ್ಲ.

ಕೈಗಾಡಿಯ ಮೇಲೆ ಮಲಗಿಸಿದಾಗ ಜಮನಾಳ ಕಾಲು ನೋಡುವ ಹಾಗಿರಲಿಲ್ಲ. ಅವಳು ಹಲ್ಲು ಕಚ್ಚಿಕೊಂಡು ಅವ್ವನಿಗೆ ಹೇಳಿದಳು: "ನಿಮ್ಮ ಮನೆಯ ಲೆಕ್ಕಕ್ಕೆ ಸೇರಿಸಿಕೊಂಡಿರಲ್ಲ ಬೇನ್? ಹಾಗಾದರೆ ಇನ್ನು ರೊಟ್ಟಿ ಕೈಗೆ ಕೊಡಿ."

ಅವ್ವನ ಮುಖ ಕೆಂಪಾಯಿತು. ಮರುದಿನ ಆಸ್ಪತ್ರೆಗೆ ಹೋಗುವಾಗ ನನ್ನನ್ನೂ ಕರೆದುಕೊಂಡು ಹೋದಳು. ಡಬ್ಬಿಯಿಂದ ರೊಟ್ಟಿ ತೆಗೆದು ಜಮನಾಳ ಅಂಗೈಯಲ್ಲಿಟ್ಟಳು. ಇಡುವಾಗ ಬೆರಳಿಗೆ ಬೆರಳು ತಾಗಿತು.

ಜಮನಾ ಬದುಕಿದಳು, ಕುಂಟಿದಳು. ಶೇರಿಯವರು ನಮಗೆ ನಲ್ಲಿಯ ನೀರು ನಿಲ್ಲಿಸಿದರು. ಹೋಳಿಯ ಹೊತ್ತಿಗೆ ಕಾಂತಾಬೇನ್ ಅಳುತ್ತಲೇ ಮನೆ ಬಿಡಿಸಿದಳು. ನಾವು ಉಧ್ನಾಕ್ಕೆ ಹೋದೆವು.

ನಿವೃತ್ತಳಾಗಿ ಸೂರತ್ತಿಗೇ ಮರಳಿದ ನಾನು ಈಗಿರುವುದು ಅಡಾಜಣ್‌ನಲ್ಲಿ, ಆ ಜೋಳದ ಹೊಲಗಳ ಮೇಲೆ ಎದ್ದ ಅಪಾರ್ಟ್‌ಮೆಂಟಿನಲ್ಲಿ. ಸೀತನಿಯ ಹೊಗೆಯಿಲ್ಲ, ಶೇರಿಯಿಲ್ಲ, ಹಿಂದಿನ ಓಣಿಯಿಲ್ಲ. ಅವ್ವ ಹೋಗಿ ಬಹಳ ವರ್ಷಗಳಾದವು. ಕಳೆದ ಚಳಿಗಾಲದಲ್ಲಿ ಇಲ್ಲಿ ಬೆಂಕಿ ಬಿದ್ದರೆ ಇಳಿದು ಪಾರಾಗುವ ಅಭ್ಯಾಸ ನಡೆಸಿದರು. ಗಂಟೆ ಬಾರಿಸಿದೊಡನೆ ನಾವೆಲ್ಲ ಕೆಳಗಿಳಿದು ನಿಂತೆವು. ಕಾರ್ಯದರ್ಶಿ ಫ್ಲ್ಯಾಟುಗಳನ್ನು ಕೂಗಿ ಕೇಳಿದರು. ಎಲ್ಲರೂ ಇದ್ದೇವೆ ಎಂದೆವು. ಚಪ್ಪಾಳೆಯೂ ಆಯಿತು.

ನಾನು ತಲೆಯೆತ್ತಿದೆ. ಒಂದೊಂದು ಬಾಲ್ಕನಿಯಲ್ಲೂ ಒಬ್ಬೊಬ್ಬಳು ನಿಂತಿದ್ದಳು, ಕೈಯಲ್ಲಿ ಪೊರಕೆಯೋ ಒದ್ದೆ ಬಟ್ಟೆಯೋ ಹಿಡಿದು, ಕೆಳಗೆ ನಡೆಯುತ್ತಿದ್ದ ತಮಾಷೆಯನ್ನು ನೋಡುತ್ತ. ಇಳಿಯಬೇಕೆಂದು ಅವರಿಗೆ ಯಾರೂ ಹೇಳಿರಲಿಲ್ಲ.

"ಎಲ್ಲರೂ ಬಂದಿಲ್ಲ. ಮೇಲೆ ಮನುಷ್ಯರಿದ್ದಾರೆ," ಎಂದೆ.

ಕಾರ್ಯದರ್ಶಿ ಮೇಲೆ ನೋಡಿ ನಕ್ಕರು. "ಯಾರೂ ಇಲ್ಲ ಬೇನ್. ಅವರು ಕೆಲಸದವರು."

ಮೋತಿಕಾಕಾನ ಶೇರಿಯಲ್ಲಿ, ಒಬ್ಬರು ಕಡಿಮೆಯೆಂದರೆ ಓಡಿಯಾದರೂ ಓಡುತ್ತಿದ್ದರು. ಇಲ್ಲಿ ಎಲ್ಲರೂ ಚಹಾಕ್ಕೆ ಹೋದರು.