ರಜಿಯಾಳ ಹಿಡಿತ, ಗಂಗಾಳ ಮೊಣಕಾಲು

ಹೋದ ವಾರ ಗಜೇಂದ್ರಗಡದಲ್ಲಿ ರೋಣದ ಬಸ್ಸು ಹತ್ತಿ, ಕಿಟಕಿ ಪಕ್ಕದ ಸೀಟು ಸಿಕ್ಕಿತಲ್ಲ ಎಂದು ಹಿಗ್ಗುತ್ತ ಕೂತಿದ್ದೆ. ಅಷ್ಟರಲ್ಲಿ ಹೈಸ್ಕೂಲಿನ ಒಂದು ಹಿಂಡು ಹುಡುಗಿಯರು ತಮ್ಮ ಟೀಚರ ಜೊತೆ ಗದ್ದಲ ಮಾಡುತ್ತ ಹತ್ತಿದರು. ಮೈತುಂಬ ಕೆಂಪು ಧೂಳು. ಅವರ ಬೆನ್ನಿಗೇ ನೋವಿನ ಮುಲಾಮಿನ ಘಾಟು ವಾಸನೆಯೂ ನಮ್ಮ ಹೆಣ್ಣುಮಕ್ಕಳೆಲ್ಲರ ಹಾಗೆ ಟಿಕೀಟಿಗೆ ಕಾಸಿಲ್ಲದೆ ಪುಕ್ಕಟೆ ಹತ್ತಿತು. ಪಕ್ಕದವರು ಸೆರಗಿನಿಂದ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂಗು ಅರಳಿಸಿಕೊಂಡು ಕೂತೆ. ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುವ ಪುಣ್ಯವಂತರು ನೀವಿರಬಹುದು. ನನಗೆ ಹೈಸ್ಕೂಲು ನೆನಪಾಗಬೇಕಾದರೆ ಈ ಮುಲಾಮೇ ಆಗಬೇಕು.

ನಾನು ಕಬಡ್ಡಿ ಆಡುತ್ತಿದ್ದೆ ಎಂದರೆ ಈಗ ನನ್ನ ಮಕ್ಕಳು ಸೀರಿಯಲ್ಲಿನ ಹಾಸ್ಯ ನೋಡಿದಂತೆ ನಗುತ್ತಾರೆ. ಅವರ ತಪ್ಪೇನಿಲ್ಲ. ಆಡುತ್ತಿದ್ದೆ ಎನ್ನುವುದು ಸ್ವಲ್ಪ ದೊಡ್ಡ ಮಾತು, ಬೀಳುತ್ತಿದ್ದೆ ಎಂದರೆ ಸರಿಯಾದೀತು. ತಂಡದಲ್ಲಿ ಎಲ್ಲರಿಗಿಂತ ದಪ್ಪಗಿದ್ದವಳು ನಾನು. ದಾಳಿಗೆ ಬಂದವಳನ್ನು ಯಾರಾದರೂ ಹಿಡಿದ ಕೂಡಲೇ ಹಿಂದಿನಿಂದ ಹೋಗಿ ಅವಳ ಮೇಲೆ ಬೀಳುವುದು ನನ್ನ ಪಾಲಿನ ಕೆಲಸ. "ನೀ ಓಡಬ್ಯಾಡ, ಜಿಗೀಬ್ಯಾಡ. ಹೋಗಿ ಬಿದ್ರ ಸಾಕು" ಎಂದು ನಮ್ಮ ಪಿ.ಟಿ. ಮಾಸ್ತರರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಅಷ್ಟು ಸುಲಭದ ಪಾಠ ನನಗೆ ಆ ಶಾಲೆಯಲ್ಲಿ ಬೇರೆ ಯಾರೂ ಹೇಳಲಿಲ್ಲ.

ಹಿಡಿಯುವವಳು ರಜಿಯಾ. ನನ್ನ ಬೆಂಚಿನವಳು, ನನ್ನ ಭುಜದವರೆಗೂ ಬರುತ್ತಿರಲಿಲ್ಲ. ಎತ್ತರದ ಹುಡುಗಿಯರ ಸೊಂಟಕ್ಕೆ ಕೈ ಹಾಕಲು ಹೋದರೆ ಅವರು ಇವಳನ್ನೇ ಎತ್ತಿಕೊಂಡು ನಡುಗೆರೆ ದಾಟುತ್ತಿದ್ದರು. ಅದಕ್ಕೇ ಅವಳು ಮೂಲೆಯಲ್ಲಿ ಕುಕ್ಕರಗಾಲಿನಲ್ಲಿ ಕೂತಿದ್ದು ಸರಕ್ಕನೆ ಬಗ್ಗಿ ಪಾದ ಹಿಡಿಯುತ್ತಿದ್ದಳು. ಅವಳಪ್ಪನದು ಆಡು ಕುರಿಯ ವ್ಯಾಪಾರ. ಮನೆಯ ಹಿಂದೆ ಸದಾ ನಾಲ್ಕಾರು ಮರಿಗಳು ಜಿಗಿದಾಡುತ್ತಿದ್ದವು, ಅವನ್ನು ಹಿಡಿದು ಕಟ್ಟುವುದು ಇವಳ ಸಂಜೆಯ ಕೆಲಸ. ಆ ಕಲೆ ನನಗೂ ಬರಲೆಂದು ಒಮ್ಮೆ ಹೇಳಿಕೊಟ್ಟಳು. "ಕಾಲು ಹಿಡದು ಜಗ್ಗಬಾರದು ನೋಡು. ಹಿಡದು ಅದರ ಕೂಡ ಎರಡು ಹೆಜ್ಜಿ ಓಡಬೇಕು. ಆಮ್ಯಾಲೆ ಅದ ನಿಂದರತೈತಿ." ನಾನು ಹಿಡಿದ ಮರಿ ನಿಲ್ಲಲಿಲ್ಲ. ಅವರ ಓಣಿಯ ಅರ್ಧದವರೆಗೂ ನನ್ನನ್ನು ಕರೆದುಕೊಂಡು ಹೋಯಿತು.

ಒಂದು ವರ್ಷ ಮುಶಿಗೇರಿ ಕಡೆಯ ಹುಡುಗಿಯರ ತಂಡ ನಮ್ಮ ಮೈದಾನಕ್ಕೆ ಆಡಲು ಬಂತು. ಅವರಲ್ಲಿ ಗಂಗಾ ಎಂಬ ಹುಡುಗಿ, ಜೋಳದ ದಂಟಿನಂತೆ ಉದ್ದ. ಹಿಂದಿನ ವರ್ಷ ಯಾವುದೋ ಪಂದ್ಯದಲ್ಲಿ ಅವಳ ಮೊಣಕಾಲು ತಿರುಗಿ, ತಿಂಗಳುಗಟ್ಟಲೆ ಕುಂಟಿದ್ದಳಂತೆ. ಹೀಗಾಗಿ ಅವರ ಮಾಸ್ತರರು ಸುಣ್ಣದ ಗೆರೆ ಎಳೆಯುವ ಮೊದಲೇ ತಕರಾರು ತೆಗೆದರು.

"ಮೊಣಕಾಲಿನ ಕೆಳಗ ಯಾರೂ ಕೈ ಹಾಕೂಹಂಗಿಲ್ರಿ. ಹಾಕ್ತೀವಿ ಅಂದ್ರ ನಾವು ಹೊಳ್ಳಿ ಹೋಗ್ತೀವಿ."

ನಮ್ಮವರು ಬಿಡುವವರೇ? "ಕಾಲಿಗೆ ಕಾಲು ಕತ್ತರಿ ಹಾಕಿದ್ರ ತಪ್ಪು. ಬಟ್ಟಿ ಹಿಡದ್ರ ತಪ್ಪು. ಕೈಲೆ ಪಾದ ಹಿಡದ್ರ ಯಾವ ಕಾನೂನಿನ್ಯಾಗ ತಪ್ಪೈತಿ, ತೋರಸ್ರಿ."

"ಕಾನೂನು ತಗೊಂಡು ಏನ್ ಮಾಡ್ಲಿ? ಕಾಲು ಮುರದ್ರ ದವಾಖಾನಿಗೆ ಒಯ್ಯಾಂವ ನಾ."

ಇಬ್ಬರ ಮಾತೂ ಖರೆಯೇ ಆಗಿತ್ತು, ಅದೇ ತೊಂದರೆ. ನಾನು ರಜಿಯಾಳ ಮುಖ ನೋಡಿದೆ. ಓಡಲು ಉದ್ದ ಕಾಲಿಲ್ಲದ, ತಳ್ಳಲು ತೂಕವಿಲ್ಲದ ಹುಡುಗಿಗೆ ಇದ್ದದ್ದು ಅದೊಂದೇ ಹಿಡಿತ. ಅದನ್ನು ಬೇಡವೆಂದರೆ ಅವಳು ಅಂದಿನಿಂದ ಗೆರೆಯ ಹೊರಗೆ ಕೂತು ನಮ್ಮ ಚಪ್ಪಲಿ ಕಾಯಬೇಕಿತ್ತು. ಅವಳು ಅಳಲಿಲ್ಲ, ಕಾಲಬೆರಳಿನಿಂದ ಮಣ್ಣು ಕೆದರುತ್ತ ನಿಂತಳು.

ಆಗ ಗಂಗಾ ಮುಂದೆ ಬಂದಳು. "ಸರ್, ಕಾಲು ಹಿಡದಾಕಿಂದ ನನಗ ನೋವಾಗಿಲ್ರಿ. ಒಬ್ಬಾಕಿ ಕಾಲು ಹಿಡದಿದ್ಲು, ಇನ್ನೊಬ್ಬಾಕಿ ಹಿಂದಿಂದ ಬಂದು ಮೈಮ್ಯಾಲೆ ಬಿದ್ಲು. ಕಾಲು ನಿಂತಲ್ಲೇ ನಿಂತಿತು, ನಾ ತಿರುಗಿದೆ."

ಇಡೀ ಮೈದಾನ ನನ್ನ ಕಡೆ ತಿರುಗಿ ನೋಡಿತು. ಆ ಬಿದ್ದವಳು ನಾನಲ್ಲ, ದೇವರಾಣೆ. ಬೇರೆ ಯಾವುದೋ ಊರಿನ ನನ್ನಂಥವಳು. ಆದರೂ ನಾನು ಇದ್ದದ್ದಕ್ಕಿಂತ ತೆಳ್ಳಗೆ ಕಾಣಲು ಪ್ರಯತ್ನಪಟ್ಟೆ.

"ಆಕಿ ಹಿಡೀಲ್ರಿ ಸರ್" ಎಂದು ಗಂಗಾ ರಜಿಯಾಳತ್ತ ಕೈ ತೋರಿಸಿದಳು. "ಹಿಂದಿಂದ ಯಾರೂ ಬೀಳಬಾರದು ಅಷ್ಟ. ಬರೋರು ಮುಂದಿಂದ ಬಂದು ಕೈ ಹಿಡೀಲಿ. ನೋವಾದ್ರ ನಾನ ಹೇಳ್ತೀನಿ."

ಇಬ್ಬರು ಮಾಸ್ತರರೂ ಮುಖ ಮುಖ ನೋಡಿಕೊಂಡು ಒಪ್ಪಿದರು. ಗಂಗಾಗೆ ನೋವಾದರೆ ಪಾದದ ಹಿಡಿತ ಅಂದಿಗೇ ಬಂದ್ ಎಂಬುದೂ ತೀರ್ಮಾನವಾಯಿತು. ರಜಿಯಾ ಆಟಕ್ಕಿಳಿದಳು. ನನ್ನ ನೌಕರಿ ಹೋಯಿತು.

ಆಟವೆಲ್ಲ ನಾನು ಬೀಳದೆ ನಿಂತಿದ್ದೆ. ಬೀಳಲು ಕಲಿತವರಿಗೆ ನಿಲ್ಲುವುದು ಎಷ್ಟು ಕಷ್ಟ ಎಂದು ನಿಮಗೆ ಹೇಗೆ ಹೇಳಲಿ? ಎರಡು ಸಲ ಮೈ ತಾನಾಗಿ ಮುಂದಕ್ಕೆ ವಾಲಿತು, ಮಾಸ್ತರರು ಹೆಸರು ಹಿಡಿದು ಕೂಗಿ ನಿಲ್ಲಿಸಿದರು. ಕೊನೆಗೆ ಎರಡೂ ಕಡೆ ಅಂಕ ಸಮ. ಗಂಗಾ ಕೊನೆಯ ದಾಳಿಗೆ "ಕಬಡ್ಡಿ ಕಬಡ್ಡಿ" ಎನ್ನುತ್ತ ಬಂದಳು, ಒಬ್ಬಳನ್ನು ಮುಟ್ಟಿ ಹೊರಳಿದಳು. ರಜಿಯಾ ಪಾದ ಹಿಡಿದಳು. ಜಗ್ಗಲಿಲ್ಲ, ಆಡಿನ ಮರಿಯ ಜೊತೆ ಹೋದಂತೆ ಮಣ್ಣಲ್ಲಿ ಹೊಟ್ಟೆ ಉಜ್ಜುತ್ತ ಅವಳ ಜೊತೆಗೇ ಹೋದಳು. ನಾನು ಸುತ್ತು ಹಾಕಿ ಮುಂದೆ ಬಂದು, ಬೀಗಿತ್ತಿಯನ್ನು ಎದುರುಗೊಂಡಂತೆ ಗಂಗಾಳ ಎರಡೂ ಕೈ ಹಿಡಿದುಕೊಂಡೆ.

ನಡುಗೆರೆ ಒಂದು ಮೊಳ ದೂರ. ಗಂಗಾ ಕೊಸರಾಡಿದಳು, ಅವಳ ಇನ್ನೊಂದು ಪಾದ ರಜಿಯಾಳ ತಲೆಗೆ ತಾಗಿತು. ತಾಗಿದ್ದೇ ತಡ, ಗಂಗಾ ಕೊಸರಾಟ ನಿಲ್ಲಿಸಿದಳು. ಕಾಲು ತಾಗಿದರೆ ಮುಟ್ಟಿ ಕಣ್ಣಿಗೊತ್ತಿಕೊಳ್ಳಬೇಕಲ್ಲ, ಎರಡೂ ಕೈ ನನ್ನ ಹತ್ತಿರ ಇವೆ.

"ಏ, ಕೈ ಬಿಡವಾ. ಆಕಿಗೆ ಕಾಲು ತಾಗೇತಿ" ಎಂದಳು.

ಕಬಡ್ಡಿ ಎನ್ನುವುದನ್ನು ಬಿಟ್ಟು ಬೇರೆ ಮಾತಾಡಿದರೆ ಔಟ್. ಸೀಟಿ ಕೂಗಿತು, ನಾವು ಗೆದ್ದೆವು. ಗಂಗಾಗೆ ಅದರ ಪರಿವೆಯೇ ಇಲ್ಲ. ಬಗ್ಗಿ ರಜಿಯಾಳ ಭುಜ ಮುಟ್ಟಿ ಕಣ್ಣಿಗೊತ್ತಿಕೊಂಡಳು. ಮುಖದ ತುಂಬ ಮಣ್ಣಾಗಿದ್ದ ರಜಿಯಾ, "ಇರ್ಲಿ ಬಿಡವಾ, ಮೊದ್ಲು ಉಸಿರು ತಗೋ" ಎಂದಳು. ಮೈದಾನವೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅವರ ಮಾಸ್ತರರು ಮಾತ್ರ ಓಡಿ ಬಂದು ಅವಳ ಮೊಣಕಾಲು ಒತ್ತಿ ನೋಡಿದರು.

"ಏನೂ ಆಗಿಲ್ರಿ ಸರ್" ಎಂದಳು ಗಂಗಾ. "ಹಿಡೀಲಿ ಬಿಡ್ರಿ ಇನ್ನ."

ಅಂದು ಗೆದ್ದವರಷ್ಟೇ ಸೋತವರೂ ನಗುತ್ತ ಮನೆಗೆ ಹೋದರು. ಅಂಥ ಆಟ ಆಮೇಲೆ ನಾನು ನೋಡಿಲ್ಲ.

ಬಸ್ಸಿನಲ್ಲಿ ಕೂತು ಇದನ್ನೆಲ್ಲ ನೆನೆದು ಒಬ್ಬಳೇ ನಗುತ್ತಿದ್ದೆ. ಪಕ್ಕದಲ್ಲಿ ನಿಂತ ಟೀಚರು ನನ್ನನ್ನು ಸ್ವಲ್ಪ ಅನುಮಾನದಿಂದ ನೋಡಿದರು. ಮಾತಿಗೆ ಒಂದು ನೆಪ ಬೇಕಿತ್ತು, ಕೇಳಿದೆ. "ಟೀಚರ್, ಈಗೂ ಹುಡುಗ್ಯಾರ ಕಬಡ್ಡಿಯಾಗ ಪಾದ ಹಿಡಿಯೋದು ನಡೀತೈತೇನ್ರಿ?"

"ನಡೀತೈತ್ರಿ. ಆದ್ರ ಪಾದ ಹಿಡದ ಮ್ಯಾಲೆ ಹಿಂದಿಂದ ಯಾರೂ ಬೀಳೂಹಂಗಿಲ್ಲ. ಮುಂದಿಂದ ಬಂದು ಕೈ ಹಿಡೀಬೇಕು."

ನಾನು ಸೀಟಿನ ತುದಿಗೆ ಸರಿದೆ. "ನಿಯಮದ ಪುಸ್ತಕದಾಗ ಹಂಗೈತೇನ್ರಿ?"

"ಪುಸ್ತಕದಾಗೆಲ್ಲೈತ್ರಿ. ಜಿಲ್ಲಾ ಮಟ್ಟಕ್ಕ ಹೋದ್ರ ಅವರ ಆಟ ಅವರದು. ನಮ್ಮ ಈ ಕಡೆ ಸಾಲಿಯೊಳಗ ಮಾತ್ರ ಮೊದಲಿಂದ ಹಿಂಗ. ಯಾರು ಮಾಡ್ಯಾರೋ ಏನೋ."

ಹೇಳಬಹುದಿತ್ತು. ಅಷ್ಟರಲ್ಲಿ ಅವರು ಇಳಿಯುವ ಊರು ಬಂತು. ಅಬ್ಬಿಗೇರಿಯಲ್ಲಿ ಹುಡುಗಿಯರು ಒಬ್ಬರನ್ನೊಬ್ಬರು ನೂಕುತ್ತ ಇಳಿದರು. ಕಿಟಕಿಯಿಂದ ಬಗ್ಗಿ ನೋಡಿದೆ. ಒಬ್ಬಳೂ ಕುಂಟುತ್ತಿರಲಿಲ್ಲ.

ಬಸ್ಸು ಹೊರಟ ಕೂಡಲೇ ರಜಿಯಾಗೆ ಫೋನು ಮಾಡಿದೆ. ಅವಳೀಗ ನರಗುಂದದಲ್ಲಿದ್ದಾಳೆ. "ನಿನ್ನ ಹಿಡಿತ ಇನ್ನೂ ನಡದೈತಿ, ರಜಿಯಾ" ಎಂದು ಎಲ್ಲ ಹೇಳಿದೆ.

"ನನಗ್ಯಾಕ ಹೇಳ್ತಿ? ಮೊದ್ಲು ಗಂಗಾಗ ಹೇಳು. ಕಾಲು ಆಕಿದಿತ್ತು."

ಇಷ್ಟು ವರ್ಷ ಈ ಕಥೆಯನ್ನು ರಜಿಯಾಳ ಕಥೆಯೆಂದೇ ಕಂಡಕಂಡವರಿಗೆ ಹೇಳಿಕೊಂಡು ಬಂದಿದ್ದೆ. ಗಂಗಾಳ ನಂಬರ್ ನನ್ನ ಹತ್ತಿರ ಇರಲಿಲ್ಲ. ರಜಿಯಾಗೆ ಬಾಯಿಪಾಠವಾಗಿತ್ತು.